ಗಂಟೆಗೆ ಎಷ್ಟು ಮಿಲಿಮೀಟರ್ ನೋವು?

ತಕ್ಕಡಿ ಸಾಹೇಬರಿಗೆ ತಮ್ಮ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಆಕೆಯ ನೋವಿಗೆ ವಿಳಾಸವಿರಲಿಲ್ಲ.

(ತಕ್ಕಡಿ ಸಾಹೇಬರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಇಪ್ಪತ್ತಾರು ವರ್ಷ ಅಂಗಡಿಯಿಂದ ಅಂಗಡಿಗೆ ಹತ್ತಿಳಿದು, ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತಿದ ಮೇಲೆ ವ್ಯಾಪಾರಿಗಳು ದಯಪಾಲಿಸಿದ ಬಿರುದು. ಎದುರಿಗೆ ತಕ್ಕಡಿ ಸಾಹೇಬರು, ಬೆನ್ನ ಹಿಂದೆ ಬರೀ ತಕ್ಕಡಿ.)

"ಎಲ್ಲಿ ನೋವು?" ಎಂದು ಅವರು ಕೇಳುತ್ತಿದ್ದರು.

"ಎಲ್ಲಾ ಕಡೆ."

"ಎಲ್ಲಾ ಕಡೆ ಅನ್ನೋದು ಉತ್ತರ ಅಲ್ಲ ಕಣೆ. ಜಾಗ ಹೇಳು."

"ಹೆಗಲು."

"ನಿನ್ನೆ ಸೊಂಟ ಅಂದೆ."

"ಸೊಂಟ ಈಗ್ಲೂ ಇದೆ. ಎಲ್ಲಿಗೆ ಹೋಗತ್ತೆ?"

"ಮೊನ್ನೆ ಮಂಡಿ ಅಂದೆ!"

"ಅದೂ ಇದೆ. ಎಲ್ಲಾ ಒಟ್ಟಿಗೆ ಹೇಳಿದ್ರೆ ಕೇಳೋ ವ್ಯವಧಾನ ನಿಮಗಿರಲ್ಲ ಅಂತ ದಿನಕ್ಕೊಂದು ಹೇಳ್ತಿದ್ದೀನಿ ರೀ."

ಸಾಹೇಬರು ಇದನ್ನು ತಕರಾರು ಎಂದು ದಾಖಲಿಸಿಕೊಂಡು ಪೇಪರಿನ ಹಿಂದೆ ಮರೆಯಾಗುತ್ತಿದ್ದರು. ತೂಗಲು ಬಾರದ್ದು ಇಲ್ಲ ಎಂಬುದು ಅವರ ಸಿದ್ಧಾಂತ. ಅಕ್ಕಿ ಇದೆ, ಏಕೆಂದರೆ ತೂಗಬಹುದು. ಸೀಮೆಎಣ್ಣೆ ಇದೆ, ಏಕೆಂದರೆ ಅಳೆಯಬಹುದು. ಹೆಂಡತಿಯ ನೋವು? ಅದನ್ನು ಯಾವ ತಟ್ಟೆಯಲ್ಲಿ ಇಡುವುದು?

ಆಕೆಯಾದರೋ ಮನೆಯ ಕೆಳಗಿನ ಕೋಣೆಯಲ್ಲಿ ಎರಡು ಕುರ್ಚಿಯ ಒಂದು ಪಾರ್ಲರ್ ನಡೆಸುತ್ತಿದ್ದಳು. ಆ ಬಡಾವಣೆಯ ಅರ್ಧಕ್ಕರ್ಧ ಹೆಂಗಸರು ಅಕ್ಷರಶಃ ಆಕೆಗೆ ತಲೆಕೊಟ್ಟವರು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಕೈ ಎರಡೂ ಎದೆಯ ಮಟ್ಟಕ್ಕಿಂತ ಮೇಲೆ. ಒಂದರಲ್ಲಿ ಕತ್ತರಿ, ಒಂದರಲ್ಲಿ ಬಾಚಣಿಗೆ. ಕುರ್ಚಿಯಲ್ಲಿ ಕೂತವರು ತಮ್ಮ ತಲೆನೋವು, ನಾದಿನಿನೋವು, ಮಗಳ ಮಾರ್ಕ್ಸಿನ ನೋವು ಎಲ್ಲವನ್ನೂ ತೋಡಿಕೊಂಡು ಹಗುರಾಗಿ ಎದ್ದು ಹೋಗುತ್ತಿದ್ದರು. "ಅಕ್ಕ, ನೀವು ಹೇಗಿದ್ದೀರ?" ಎಂದು ಯಾರಾದರೂ ಕೇಳಿದರೆ ಆಕೆ, "ಕತ್ತು ಸ್ವಲ್ಪ ಬಗ್ಗಿಸಿ," ಎನ್ನುತ್ತಿದ್ದಳು.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಮನೆಗೆ ಸಂಖ್ಯೆ ಬಂತು.

ಆಕೆ ಹೊಸದಾಗಿ ತೋರಿಸಿಕೊಂಡಿದ್ದ ಕೀಲುನೋವಿನ ಡಾಕ್ಟರಮ್ಮ ರಕ್ತಪರೀಕ್ಷೆ ಬರೆದುಕೊಟ್ಟಿದ್ದರು. ವರದಿಯನ್ನು ಸಾಹೇಬರು ಬಾಗಿಲಲ್ಲಿ ಚಪ್ಪಲಿ ಕೂಡ ಕಳಚದೆ ಓದಿದರು. ಇ.ಎಸ್.ಆರ್. ನಲವತ್ತೆಂಟು; ಇಪ್ಪತ್ತರ ಒಳಗಿರಬೇಕು. ಸಿ.ಆರ್.ಪಿ. ಹತ್ತೊಂಬತ್ತು, ಐದು ದಾಟಬಾರದು. ಎರಡರ ಪಕ್ಕದಲ್ಲೂ ನಕ್ಷತ್ರದ ಗುರುತು. ಸಾಹೇಬರಿಗೆ ಮೈ ಜುಮ್ಮೆಂದಿತು. ಕಾಣದ ದೇವರು ಕಾಗದದ ಮೇಲೆ ಬಂದು ಕೂತಂತಾಗಿತ್ತು.

"ಲೇ! ನಲವತ್ತೆಂಟು! ಹಾಗಾದ್ರೆ ನಿನಗೆ ನಿಜವಾಗ್ಲೂ..."

"ನಿಜವಾಗ್ಲೂ ಏನು?" ಹೆಂಡತಿ ಅಡುಗೆಮನೆಯಿಂದ ತಲೆ ಹೊರಹಾಕಿ ಕೇಳಿದಳು.

ಸಾಹೇಬರು ಉಳಿದದ್ದನ್ನು ನುಂಗಿಕೊಂಡರು. ಅವರ ಅಮ್ಮ ನುಂಗಲಿಲ್ಲ. ಎಂಬತ್ತರ ಆ ಮುದುಕಿಗೆ ಕಿವಿ ಮಂದ, ನಾಲಿಗೆ ಚುರುಕು.

"ಹನ್ನೊಂದು ವರ್ಷ ಹೆಂಡ್ತಿ ಬಾಯಿಬಿಟ್ಟು ಹೇಳಿದ್ದು ಇವನಿಗೆ ಕೇಳಿಸಲಿಲ್ಲ. ಕಾಗದ ಹೇಳಿದ ತಕ್ಷಣ ಕೇಳಿಸ್ತು ನೋಡು. ಕಿವುಡಿ ನಾನಂತೆ!"

ಮುಂದಿನ ಸಲ ಡಾಕ್ಟರಮ್ಮನ ಬಳಿಗೆ ಸಾಹೇಬರೂ ಹೊರಟರು. ಸಂಖ್ಯೆ ಬಂದಮೇಲೆ ಪ್ರಕರಣ ಅವರ ಇಲಾಖೆಗೇ ಸೇರಿದಂತಾಗಿತ್ತು.

ಡಾಕ್ಟರಮ್ಮ ಕಡಿಮೆ ಮಾತಿನ, ಹೆಚ್ಚು ನೋಟದ ಹೆಂಗಸು. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತಿನ ಬುಡ, ಹೆಗಲ ಮೇಲೆ, ಮೊಣಕೈ, ಸೊಂಟದ ಅಂಚು, ಮಂಡಿಯ ಒಳಬದಿ ಎಂದು ಒಂದೊಂದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಹೆಂಡತಿ ಕೂಗಲಿಲ್ಲ. ನೋವಾದಾಗಲೆಲ್ಲ ಆಕೆಯ ಕಣ್ಣು ಒಂದಿಷ್ಟು ಮುಚ್ಚಿ ತೆರೆದುಕೊಳ್ಳುತ್ತಿತ್ತು, ಅಷ್ಟೆ. ಹದಿನೆಂಟು ಜಾಗ. ಕಣ್ಣು ಹದಿನಾರು ಸಲ ಮುಚ್ಚಿತು. (ಸಾಹೇಬರು ಎಣಿಸಿದ್ದರು. ಎಣಿಸದೆ ಇರುವುದು ಅವರಿಗೆ ಬರುತ್ತಿರಲಿಲ್ಲ.)

"ಬಹಳ ಜೋರಾಗಿ ಒತ್ತುತ್ತಿದ್ದೀರೇನೋ ಡಾಕ್ಟ್ರೇ," ಎಂದರು.

"ಬನ್ನಿ," ಎಂದು ಡಾಕ್ಟರಮ್ಮ ಅವರ ಹೆಗಲ ಮೇಲೂ ಹೆಬ್ಬೆರಳಿಟ್ಟರು. ಉಗುರು ಬೆಳ್ಳಗಾಗುವಷ್ಟು ಒತ್ತಿದರು. "ಇಷ್ಟೇ. ಸುಮಾರು ನಾಲ್ಕು ಕಿಲೋ."

ಸಾಹೇಬರಿಗೆ ಯಾರೋ ಬೆನ್ನು ತಟ್ಟಿ ಮಾತಾಡಿಸಿದಷ್ಟೇ ಆಯಿತು. ಅವರು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾಲ್ಕು ಕಿಲೋ ಎಂದರೆ ಎಲ್ಲರಿಗೂ ಎಲ್ಲೆಡೆಯೂ ನಾಲ್ಕೇ ಕಿಲೋ ಎಂದು ನಂಬಿ ಇಪ್ಪತ್ತಾರು ವರ್ಷ ಮುದ್ರೆ ಒತ್ತಿದ ಮನುಷ್ಯ, ಆ ಕೋಣೆಯಲ್ಲಿ ಸುಮ್ಮನೆ ಕುರ್ಚಿ ಹುಡುಕಿಕೊಂಡು ಕೂತ.

"ಇದಕ್ಕೆ ಫೈಬ್ರೊಮಯಾಲ್ಜಿಯ ಅಂತಾರೆ," ಎಂದರು ಡಾಕ್ಟರಮ್ಮ. "ನಮ್ಮೊಳಗೆ ನೋವಿನ ಸುದ್ದಿ ಹೊತ್ತು ತರೋ ವ್ಯವಸ್ಥೆ ಒಂದಿದೆಯಲ್ಲ, ಇವರಲ್ಲಿ ಅದು ಪಿಸುಮಾತನ್ನೂ ಕಿರುಚಿ ಹೇಳತ್ತೆ. ನಿದ್ದೆ ಮಾಡಿದ್ರೂ ಸುಸ್ತು ಹೋಗಲ್ಲ. ನೋವು ಕಲ್ಪನೆ ಅಲ್ಲ, ನಾಟಕಾನೂ ಅಲ್ಲ."

"ಗೊತ್ತಾಯ್ತು. ಆ ನೋವೇ ನಲವತ್ತೆಂಟು!"

"ಅಲ್ಲ. ಈ ನೋವು ಸಾಮಾನ್ಯವಾಗಿ ರಕ್ತದಲ್ಲಿ ಕಾಣಿಸಲ್ಲ. ನಲವತ್ತೆಂಟು ಅಂದ್ರೆ ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತ. ಅದು ಬೇರೆ ವಿಷಯ. ಅದರ ಮೂಲ ಹುಡುಕಬೇಕು."

"ಮೂಲ ಏನು?"

"ಗೊತ್ತಿಲ್ಲ."

ಇಷ್ಟು ಓದಿದವರು, ಗೋಡೆಯ ತುಂಬ ಪದವಿಪತ್ರಗಳಿಗೆ ಚೌಕಟ್ಟು ಹಾಕಿಸಿದವರು, ಇಷ್ಟು ಸಲೀಸಾಗಿ ಗೊತ್ತಿಲ್ಲ ಎನ್ನಬಹುದೆಂದು ಸಾಹೇಬರು ಎಣಿಸಿರಲಿಲ್ಲ. ಅವರ ಇಲಾಖೆಯಲ್ಲಿ ಆ ಪದಕ್ಕೆ ಅನುಮತಿಯೇ ಇಲ್ಲ. ದಾರಿಯುದ್ದಕ್ಕೂ ಅವರು ಲೆಕ್ಕ ಹಾಕಿದರು. ನೋವಿದೆ, ಅದಕ್ಕೆ ಸಂಖ್ಯೆಯಿಲ್ಲ. ಸಂಖ್ಯೆಯಿದೆ, ಅದಕ್ಕೆ ಕಾರಣವಿಲ್ಲ. ಎರಡೂ ಒಂದೇ ಹೆಂಗಸಿನೊಳಗೆ ಪರಸ್ಪರ ಪರಿಚಯವಿಲ್ಲದ ಬಾಡಿಗೆದಾರರಂತೆ ವಾಸವಾಗಿವೆ!

ಮನೆಯಲ್ಲಿ ಅಮ್ಮನಿಗೆ ಕಾಯಿಲೆಯ ಹೆಸರನ್ನು ಮೂರು ಸಲ ಕೂಗಿ ಹೇಳಬೇಕಾಯಿತು.

"ಮಯಾಲ್ಜಿಯ ಅಮ್ಮಾ, ಮಯಾಲ್ಜಿಯ!"

"ಹೆಸರಲ್ಲೇ ಇದೆಯಲ್ಲೋ, ಮೈಯೆಲ್ಲ ಅಂತ! ಅವಳು ಹೇಳ್ತಿದ್ದಿದ್ದೂ ಅದನ್ನೇ ತಾನೆ?"

"ಅದು ಬಿಡು. ಉರಿಯೂತ ಬೇರೆ ಇದೆಯಂತೆ. ನೋಡಿದ್ರೆ ಮೈಮೇಲೆ ಉರಿಯೂ ಇಲ್ಲ, ಊತಾನೂ ಇಲ್ಲ."

"ಊತ ಕಾಣೆ," ಎಂದಳು ಅಮ್ಮ. "ಉರಿ ಯಾರು ಹಚ್ತಿರೋದು ಅಂತ ಬೇಕಾದ್ರೆ ಹೇಳ್ತೀನಿ."

ಮೂಲದ ಹುಡುಕಾಟ ಶುರುವಾಯಿತು. ಎದೆಯ ಎಕ್ಸ್‌ರೇ ಸ್ವಚ್ಛ. ಮೂತ್ರ ಸ್ವಚ್ಛ. ಸಂಧಿವಾತದ ಪರೀಕ್ಷೆಗಳು ಸ್ವಚ್ಛ. ಲಿವರ್, ಕಿಡ್ನಿ, ಥೈರಾಯ್ಡ್ ಎಲ್ಲವೂ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದ ಮಕ್ಕಳಂತೆ ಪಾಸಾದವು. ಕೊನೆಗೆ ದಂತವೈದ್ಯರ ಹತ್ತಿರವೂ ಹೋಗಿ ಬಂದಳು. ಹಲ್ಲು ಮೂವತ್ತೆರಡೂ ಗಟ್ಟಿ. ನಲವತ್ತೆಂಟು ಮಾತ್ರ ನಲವತ್ತೆಂಟಾಗಿಯೇ ಉಳಿಯಿತು.

ಅಳೆದೂ ಸುರಿದೂ ಸಾಹೇಬರಿಗೆ ಒಂದು ಭಾನುವಾರ ಜ್ಞಾನೋದಯವಾಯಿತು.

"ಲ್ಯಾಬಿನ ಅಳತೆ ತಪ್ಪು!" ಎಂದು ಟವೆಲಿನಲ್ಲೇ ಬಚ್ಚಲಿನಿಂದ ಹೊರಬಂದರು. "ತಕ್ಕಡಿ ಸುಳ್ಳಾದ್ರೆ ಸರಕು ಏನು ಮಾಡೀತು? ಪರೀಕ್ಷೆ ಮಾಡೋ ವಿಧಾನ ನನಗೆ ಗೊತ್ತು. ಸಂಶಯದ ತಕ್ಕಡಿಯಲ್ಲಿ ಸರಿಯಾದ ಕಲ್ಲು ಇಟ್ಟು ನೋಡಬೇಕು. ನಾಳೆ ನಿನ್ನ ಜೊತೆ ನಾನೂ ರಕ್ತ ಕೊಡ್ತೀನಿ. ಒಂದು ದಿನಾನೂ ಜ್ವರ ಅಂತ ಮಲಗಿದವನಲ್ಲ. ನಾನೇ ಕಲ್ಲು."

"ಅದು ನೀನು ಹುಟ್ಟಿದಾಗ್ಲೇ ಗೊತ್ತಾಗಿತ್ತು," ಎಂದಳು ಅಮ್ಮ. ಬೇಕಾದ್ದು ಮಾತ್ರ ಆಕೆಗೆ ಕೇಳಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಇಬ್ಬರೂ ತೋಳು ಚಾಚಿದರು. ಮೊದಲು ಹೆಂಡತಿ, ಆಮೇಲೆ ಸಾಹೇಬರು. ಹೆಂಡತಿ ಹೊರಗಿನ ಬೆಂಚಿನಲ್ಲಿ ಗೋಡೆಗೆ ತಲೆಯಾನಿಸಿ ಕೂತಳು. ಸಾಹೇಬರು ಮಾತ್ರ, ಅಳತೆ ಕಣ್ಣೆದುರೇ ಆಗಬೇಕೆಂದು ಹಟ ಹಿಡಿದರು. ಲ್ಯಾಬಿನ ಮೇಡಮ್ಮು ನಿಧಾನದ ಹೆಂಗಸು. ನಕ್ಕು, ಗಾಜಿನ ಕಿಂಡಿಯ ಈಚೆ ಒಂದು ಸ್ಟೂಲು ಹಾಕಿಕೊಟ್ಟರು.

ಅಲ್ಲಿ ಒಂದು ಕಟ್ಟಿಗೆಯ ಸ್ಟ್ಯಾಂಡು. ಅದರಲ್ಲಿ ನೆಟ್ಟಗೆ ನಿಂತ ಎರಡು ಸಪೂರ ಗಾಜಿನ ಕೊಳವೆ. ಮೈಮೇಲೆ ಮಿಲಿಮೀಟರ್ ಗೆರೆಗಳು. ಒಳಗೆ ತುದಿಯವರೆಗೂ ರಕ್ತ.

"ಇನ್ನೇನು ಮಾಡ್ತೀರಿ ಇದಕ್ಕೆ?"

"ಏನೂ ಇಲ್ಲ ಸರ್. ಒಂದು ಗಂಟೆ ಕಾಯೋದು. ಕೆಂಪು ಕಣಗಳು ತಾವಾಗೇ ಕೆಳಗೆ ಕೂರ್ತವೆ. ಮೇಲೆ ತಿಳಿ ನಿಲ್ಲತ್ತೆ. ಗಂಟೆಗೆ ಎಷ್ಟು ಮಿಲಿಮೀಟರ್ ಇಳೀತು ಅನ್ನೋದೇ ಇ.ಎಸ್.ಆರ್. ಲೆಕ್ಕ. ಉರಿಯೂತ ಇದ್ರೆ ಬೇಗ ಇಳಿಯತ್ತೆ."

ಇಷ್ಟೇನೆ! ಸಾಹೇಬರು ಬೆರಗಾದರು. ಮನುಷ್ಯನೊಳಗಿನ ಬೆಂಕಿಯ ಸುದ್ದಿ ತಿಳಿಯಲು ಒಂದು ಕೊಳವೆ, ಒಂದು ಗಂಟೆ, ಸ್ವಲ್ಪ ತಾಳ್ಮೆ. ಅವರು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಕೂತರು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಕೊಳವೆಯ ತುದಿಯಲ್ಲಿ ಕೂದಲೆಳೆಯಷ್ಟು ತಿಳಿಹಳದಿ ಮೂಡಿತು. ಬಲಗಡೆಯದರಲ್ಲೂ ಮೂಡಿತು, ಆದರೆ ಹಿಂದೆ ಬಿತ್ತು. ಅರ್ಧ ಗಂಟೆಯ ಹೊತ್ತಿಗೆ ಎಡಗಡೆಯ ಕೆಂಪು ಮಹಡಿ ಮೆಟ್ಟಿಲಿಳಿದಂತೆ ಸರಸರ ಇಳಿಯುತ್ತಿತ್ತು. ಮೊದಲು ಕೊಟ್ಟವಳು ಹೆಂಡತಿ, ಮೊದಲ ಕೊಳವೆ ಎಡಗಡೆಯದು. ಹಾಗಾಗಿ ಅದು ಆಕೆಯದೇ ಎಂದು ಸಾಹೇಬರಿಗೆ ಯಾರೂ ಹೇಳಬೇಕಾಗಿರಲಿಲ್ಲ. (ಯಾರೂ ಹೇಳಿಯೂ ಇರಲಿಲ್ಲ.)

ಅಯ್ಯೋ, ಇದೆಲ್ಲ ಇವಳೊಳಗೆ ನಡೀತಾ ಇತ್ತಾ? ನಾನು ಪೇಪರು ಓದುವಾಗ? ಸಾಹೇಬರು ತಡೆಯಲಾರದೆ ಹೊರಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡರು. ಹಾಡಹಗಲೇ, ನಾಲ್ಕು ಜನರ ಎದುರಿಗೆ.

"ನಿನ್ನದು ಬಹಳ ಇಳೀತಾ ಇದೆ ಕಣೆ. ಹೆದರಬೇಡ. ನಾನಿದ್ದೀನಿ."

"ಕೈ ಮೆಲ್ಲಗೆ ಹಿಡೀರಿ, ನೋಯತ್ತೆ," ಎಂದಳು ಆಕೆ. ಆದರೆ ಬಿಡಿಸಿಕೊಳ್ಳಲಿಲ್ಲ.

ಗಂಟೆ ತುಂಬಿತು. ಮೇಡಮ್ಮು ಕನ್ನಡಕ ಏರಿಸಿ ಗೆರೆ ನೋಡಿದರು. "ಬಲಗಡೆ ನಲವತ್ತಾರು. ಎಡಗಡೆ ಎಪ್ಪತ್ತೊಂದು."

"ಎಪ್ಪತ್ತೊಂದು!" ಸಾಹೇಬರು ಎದೆ ಮುಟ್ಟಿಕೊಂಡರು. "ಪಾಪ, ನನ್ನ ಹೆಂಡ್ತಿ..."

"ಅವರದು ನಲವತ್ತಾರು ಸರ್. ಎಪ್ಪತ್ತೊಂದು ನಿಮ್ಮದು."

ಸಾಹೇಬರು ಕೊಳವೆಗೆ ಅಂಟಿಸಿದ್ದ ಚೀಟಿ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಹೆಸರು ತಮ್ಮದೇ, ವಯಸ್ಸೂ ತಮ್ಮದೇ. "ನಾನು ಹೇಳಲಿಲ್ವೆ? ನಿಮ್ಮ ಯಂತ್ರವೇ ತಪ್ಪು!"

"ಯಂತ್ರ ಎಲ್ಲಿದೆ ಸರ್? ಭೂಮಿ ಎಳೆಯತ್ತೆ, ರಕ್ತ ಇಳಿಯತ್ತೆ," ಎಂದರು ಮೇಡಮ್ಮು. "ಭೂಮಿಗೆ ಮುದ್ರೆ ಒತ್ತೋ ಅಧಿಕಾರ ನಿಮಗಿದ್ರೆ ಹೇಳಿ, ದೂರು ಬರೆದುಕೊಡ್ತೀನಿ."

ಅಂದೇ ಮಧ್ಯಾಹ್ನ ಡಾಕ್ಟರಮ್ಮ ಕೇಳಿದರು. "ನಿಮಗೆ ಎಲ್ಲಾದ್ರೂ ನೋವಿದೆಯಾ?"

"ಒಂದು ಸಾಸಿವೆ ಕಾಳಿನಷ್ಟೂ ಇಲ್ಲ."

"ಬಾಯಿ ನೋಡಿ ಡಾಕ್ಟ್ರೇ," ಎಂದಳು ಹೆಂಡತಿ ತಣ್ಣಗೆ. "ಎಡಗಡೆ, ಕೆಳಗೆ. ಮೂರು ತಿಂಗಳಿಂದ ಆ ಕಡೆ ಅಗಿಯೋದು ಬಿಟ್ಟಿದ್ದಾರೆ. ಬ್ರೆಡ್ಡು ಹಾಲಲ್ಲಿ ನೆನೆಸಿ ತಿಂತಾರೆ. ತಣ್ಣೀರು ಕುಡಿಯೋವಾಗ ಬಲಗಡೆಗೆ ವಾಲ್ತಾರೆ. ಹಲ್ಲಿನ ಡಾಕ್ಟ್ರು ಅಂದ್ರೆ ಭಯ, ಅದಕ್ಕೆ ಯಾರಿಗೂ ಹೇಳಿಲ್ಲ."

ಸಾಹೇಬರ ಬಾಯಿ ತಾನಾಗಿ ತೆರೆದುಕೊಂಡಿತು. ಪರೀಕ್ಷೆಗಲ್ಲ, ಆಶ್ಚರ್ಯಕ್ಕೆ. ತಾವು ಮೂರು ತಿಂಗಳು ಮುಚ್ಚಿಟ್ಟದ್ದನ್ನು ಈಕೆ ನೋಡುತ್ತಲೇ ಇದ್ದಳು. ಆಕೆ ಹನ್ನೊಂದು ವರ್ಷ ಬಾಯಿಬಿಟ್ಟು ಹೇಳಿದ್ದು ತಮ್ಮ ತಲೆಗೆ ಹೋಗಿರಲಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವ ತಟ್ಟೆ ನೆಲ ಮುಟ್ಟುವುದೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹಲ್ಲಿನ ಬುಡದಲ್ಲಿ ಕೀವು ಕಟ್ಟಿತ್ತು. ಮಾರನೆಯ ದಿನವೇ ಕಿತ್ತರು.

ಮುಂದಿನ ಮೂರು ದಿನ ಆ ಮನೆಯಲ್ಲಿ ನಡೆದದ್ದನ್ನು ಸಂಕ್ಷಿಪ್ತವಾಗಿ ಹೇಳುವುದೇ ಮರ್ಯಾದೆ. ಹಲ್ಲು ಕಚ್ಚಿ ಸಹಿಸಿಕೋ ಎಂದು ಲೋಕ ಸುಲಭವಾಗಿ ಹೇಳುತ್ತದೆ. ನೋಯುವುದೇ ಹಲ್ಲಿನ ಜಾಗವಾದರೆ ಏನನ್ನು ಕಚ್ಚುವುದು? ಸಾಹೇಬರು ನರಳಿದರು. ದಿಂಬು ಎತ್ತರ ಎಂದರು, ತಗ್ಗು ಎಂದರು. ಫ್ಯಾನಿನ ಗಾಳಿ ಕೆನ್ನೆಗೆ ಬಡಿಯುತ್ತಿದೆ ಎಂದರು. "ಹತ್ತಕ್ಕೆ ಎಷ್ಟಿದೆ ನೋವು?" ಎಂದು ದಂತವೈದ್ಯರು ಫೋನಿನಲ್ಲಿ ಕೇಳಿದ್ದಕ್ಕೆ, "ಹನ್ನೆರಡು," ಎಂದರು. ಅಮ್ಮ ತನ್ನ ಕಿವಿಯ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು, "ನನಗೆ ದೇವರು ಕೊಟ್ಟ ವರ ಇದು," ಎಂದು ಸುಖವಾಗಿ ನಿದ್ದೆ ಹೋದಳು.

ಮೂರನೆಯ ದಿನ ಮಧ್ಯಾಹ್ನ ಸಾಹೇಬರು ನರಳಿ ನರಳಿ ದಣಿದು ಸುಮ್ಮನಾದರು. ಆಗ ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಕೇಳಿಸಿತು. ಪಾರ್ಲರಿನಿಂದ ಗಂಜಿ ಬಿಸಿಮಾಡಿ ಕೊಡಲು ಬರುತ್ತಿದ್ದಳು. ಒಂದು, ಎರಡು, ಮೂರು. ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಒಂದು, ಎರಡು, ಮೂರು. ನಿಂತಿತು. ಹದಿನೆಂಟು ಮೆಟ್ಟಿಲಿಗೆ ಐದು ಕಡೆ ನಿಂತು, ಬಾಗಿಲಲ್ಲಿ ಆರನೆಯ ಸಲ ನಿಂತು, ಉಸಿರು ಸರಿಮಾಡಿಕೊಂಡು, ಆಮೇಲೆ ಆಕೆ ನಗುಮುಖದಿಂದ ಒಳಗೆ ಬಂದಳು.

ಆ ನಗುಮುಖವನ್ನು ಸಾಹೇಬರು ಇಷ್ಟು ವರ್ಷ ಕಂಡಿದ್ದರು. ಅದರ ಹಿಂದಿನ ಆರು ನಿಲ್ದಾಣ ಅವರಿಗೆ ಗೊತ್ತಿರಲಿಲ್ಲ.

"ಈ ಮೂರು ದಿನದಲ್ಲಿ ಎಷ್ಟು ಸಲ ಹತ್ತಿದೆ?"

"ಎಣಿಸೋರು ನೀವು. ನನಗೇನು ಗೊತ್ತು?"

"ನಿನ್ನ ನೋವು ಹತ್ತಕ್ಕೆ ಎಷ್ಟು?"

ಆಕೆ ಗಂಜಿ ಆರಿಸುತ್ತ ಯೋಚಿಸಿದಳು. ಈ ಪ್ರಶ್ನೆಯನ್ನು ಗಂಡ ಕೇಳಿದ್ದು ಅದೇ ಮೊದಲು. "ಆರು. ಕೆಲವು ದಿನ ಏಳು."

"ಆರು ಅಂದ್ರೆ ಹೇಗಿರತ್ತೆ?"

"ನಿನ್ನೆ ಮಾತ್ರೆ ತೊಗೊಂಡ್ಮೇಲೆ ಸ್ವಲ್ಪ ವಾಸಿ, ಆದ್ರೂ ಪೇಪರ್ ಹಿಡಿಯೋಕಾಗ್ತಿಲ್ಲ ಅಂದ್ರಲ್ಲ. ಅಷ್ಟು. ಆದ್ರೆ ಮೈಗೆಲ್ಲ."

"ಆ ನೋವಿನಲ್ಲಿ ನೀನು ಕತ್ತರಿ ಹಿಡೀತೀಯ? ಕಿವಿ ಪಕ್ಕದಲ್ಲಿ?"

"ಇವತ್ತಿನವರೆಗೆ ಯಾರ ಕಿವಿಯೂ ಹೋಗಿಲ್ಲ," ಎಂದು ಆಕೆ ಬಟ್ಟಲು ಕೈಗಿತ್ತು ಕೆಳಗಿಳಿದಳು. ಇಳಿಯುವಾಗಲೂ ನಿಂತು ನಿಂತು ಇಳಿದಳು. ಸಾಹೇಬರು ಗಂಜಿ ಆರುವವರೆಗೂ ಆ ಸದ್ದನ್ನೇ ಕೇಳುತ್ತ ಕೂತರು. ಪರ್ವತ ಹತ್ತಿದವರ ಫೋಟೋ ಪೇಪರಿನಲ್ಲಿ ಬಂದರೆ ಕತ್ತರಿಸಿಟ್ಟುಕೊಳ್ಳುವ ಮನುಷ್ಯ ಅವರು. ಪರ್ವತ ಹತ್ತುವವಳು ಮನೆಯಲ್ಲೇ ಇದ್ದಳು. ದಿನಕ್ಕೆ ಹತ್ತು ಸಲ, ಗಂಡನ ಗಂಜಿ ಬಿಸಿಮಾಡಲು.

ಮತಾಂತರ ಹೊಂದಿದವನ ಭಕ್ತಿ ಹುಟ್ಟಾ ಭಕ್ತನಿಗಿಂತ ಜೋರು. ಸಾಹೇಬರು ಒಂದು ದಪ್ಪ ನೋಟ್‌ಬುಕ್ ತಂದು, ಗೆರೆ ಎಳೆದು, "ನೋವಿನ ದಿನಚರಿ" ಎಂದು ಬರೆದರು. ಮೊದಲ ನಮೂದು: ಗಂಜಿ ಬಿಸಿಮಾಡಲು ಹದಿನೆಂಟು ಮೆಟ್ಟಿಲು, ಆರು ನಿಲ್ದಾಣ. ಎದ್ದ ಕೂಡಲೇ, "ಎಷ್ಟು?" ಹಲ್ಲುಜ್ಜಿದ ಮೇಲೆ, "ಈಗ?" ಆಫೀಸಿನಿಂದ ಬಂದು ಚೀಲ ಇಡುವ ಮೊದಲೇ, "ಹಗಲೆಲ್ಲ ಎಷ್ಟಿತ್ತು? ಈಗ ಎಷ್ಟು? ಹೆಗಲು ಬೇರೆ, ಸೊಂಟ ಬೇರೆ ಹೇಳು." ರಜೆಯ ದಿನವಂತೂ ಅರ್ಧ ಗಂಟೆಗೊಮ್ಮೆ. ಆಕೆ ಬೇಡವೆನ್ನಲಿಲ್ಲ. ಹನ್ನೊಂದು ವರ್ಷ ಕೇಳದವನು ಕೇಳುತ್ತಿದ್ದಾನೆ, ಕೇಳಲಿ ಎಂದುಕೊಂಡಳು. ಸಾಹೇಬರು ಕೆಂಪು ಶಾಯಿಯಲ್ಲಿ ಏರುಪೇರಿನ ಗೆರೆ ಎಳೆದು ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆಯಾಯಿತು. ಸಾಹೇಬರದು ಎಂಟಕ್ಕಿಳಿದಿತ್ತು. ಹೆಂಡತಿಯದು ನಲವತ್ನಾಲ್ಕು.

"ಕಾರಣ ಇನ್ನೂ ಸಿಕ್ಕಿಲ್ಲ," ಎಂದರು ಡಾಕ್ಟರಮ್ಮ. "ಕೆಟ್ಟದ್ದು ಯಾವುದೂ ಸಿಕ್ಕಿಲ್ಲ ಅನ್ನೋದೂ ಸುದ್ದಿಯೇ. ಬಿಡೋದು ಬೇಡ, ನೋಡ್ತಾ ಇರೋಣ. ನಡಿಗೆ, ನಿದ್ದೆ, ಮಾತ್ರೆ ಮುಂದುವರಿಸಿ."

ಸಾಹೇಬರು ಈ ಸಲ ವಾದ ಮಾಡಲಿಲ್ಲ. ಗೊತ್ತಿಲ್ಲದ್ದರ ಎದುರಿಗೆ ತಲೆಬಾಗಲು ಅವರು ಕಲಿತಿದ್ದರು. ಆದರೆ ಬರಿಗೈಯಲ್ಲಿ ಬಂದಿರಲಿಲ್ಲ. ನೋಟ್‌ಬುಕ್ಕನ್ನು ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟರು.

ಡಾಕ್ಟರಮ್ಮ ಒಂದೊಂದೇ ಹಾಳೆ ತಿರುವಿದರು. ಮುಖ ಗಂಭೀರವಾಯಿತು. "ಇಷ್ಟು ಶಿಸ್ತಾದ ದಾಖಲೆ ನಾನು ನೋಡೇ ಇಲ್ಲ. ಇದರಿಂದ ಒಂದು ವಿಷಯ ಬಹಳ ಸ್ಪಷ್ಟವಾಗತ್ತೆ."

ಸಾಹೇಬರ ಎದೆ ಎರಡಿಂಚು ಹಿಗ್ಗಿತು.

"ಬೆಳಿಗ್ಗೆ ಏಳು. ಹತ್ತು ಗಂಟೆ ಮೇಲೆ, ಪಾರ್ಲರಲ್ಲಿ ನಿಂತು ದುಡಿಯೋ ಹೊತ್ತಲ್ಲಿ, ಐದು. ಸಂಜೆ ಆರೂವರೆಗೆ ಮತ್ತೆ ಏಳು. ಭಾನುವಾರ ಪಾರ್ಲರಿಗೆ ರಜ, ವಿಶ್ರಾಂತಿ. ಆದ್ರೆ ದಿನವಿಡೀ ಎಂಟು! ಹೋದ ತಿಂಗಳು ನಾಲ್ಕು ದಿನ ಮಾತ್ರ ನಾಲ್ಕಕ್ಕೆ ಇಳಿದಿದೆ. ಅಕ್ಷರವೂ ಬೇರೆ ಇದೆ. ಆ ನಾಲ್ಕು ದಿನ ಏನು ಬದಲಾಗಿತ್ತು?"

ಹೆಂಡತಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಶ್ರದ್ಧೆಯಿಂದ ನೋಡಿದಳು. "ಇವರು ಟೂರಲ್ಲಿದ್ದರು ಡಾಕ್ಟ್ರೇ. ಅತ್ತೆ ಬರೆದುಕೊಂಡ್ರು."

ಡಾಕ್ಟರಮ್ಮ ಮುಖದ ಗಾಂಭೀರ್ಯವನ್ನು ಬಹಳ ಕಷ್ಟಪಟ್ಟು ಕಾಪಾಡಿಕೊಂಡು, ನೋಟ್‌ಬುಕ್ಕನ್ನು ಮಡಿಸಿ ತಮ್ಮ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದರು.

"ಇದು ನನ್ನ ಹತ್ರ ಇರಲಿ," ಎಂದರು. "ನೋವನ್ನ ಇಡೀ ದಿನ ನೆನಪಿಸ್ತಾ ಇದ್ರೆ ಅದು ಬೆಳೆಯತ್ತೆ. ಕೇಳೋದು ಕಡಿಮೆ ಮಾಡಿ ಸಾಹೇಬ್ರೇ. ಗಂಜಿ ನೀವೇ ಬಿಸಿಮಾಡ್ಕೊಳ್ಳಿ."

ಹೊರಗೆ ರಸ್ತೆಯಲ್ಲಿ ಹತ್ತು ಹೆಜ್ಜೆ ಹೋದ ಮೇಲೆ ಹೆಂಡತಿ ನಿಂತಳು. ಪಕ್ಕದ ಕಾಂಪೌಂಡ್ ಗೋಡೆಗೆ ಕೈಯೂರಿದಳು. ಹೆಗಲು ಅಲುಗತೊಡಗಿತು. ಸಾಹೇಬರು ಗಾಬರಿಯಾಗಿ ಬಗ್ಗಿ ನೋಡಿದರೆ ಆಕೆ ನಗುತ್ತಿದ್ದಳು. ಸದ್ದಿಲ್ಲದೆ ಶುರುವಾದದ್ದು ಸದ್ದಾಗಿ, ಕಣ್ಣಲ್ಲಿ ನೀರಾಗಿ, ಪಕ್ಕೆ ಹಿಡಿದುಕೊಳ್ಳುವ ಹಾಗಾಯಿತು. "ಅಮ್ಮಾ... ಅಯ್ಯೋ... ಇವರು ಟೂರಲ್ಲಿದ್ದರು..." ಎಂದು ಮತ್ತೆ ನಕ್ಕಳು. ಎದುರಿನಿಂದ ಬಂದ ಸೈಕಲ್ಲಿನವನು ಇಳಿದು ನಿಂತು ನೋಡಿ ಹೋದ.

ಸಾಹೇಬರ ಬಾಯಿ ತೆರೆಯಿತು. ಪ್ರಶ್ನೆ ತುದಿನಾಲಿಗೆಗೆ ಬಂತು. ಅವರು ಬಾಯಿ ಮುಚ್ಚಿಕೊಂಡರು.

"ಕೇಳಿ, ಪರವಾಗಿಲ್ಲ," ಎಂದಳು ಆಕೆ ಕಣ್ಣೊರೆಸುತ್ತ.

"ಇಲ್ಲ. ಡಾಕ್ಟ್ರು ಬೇಡ ಅಂದಿದ್ದಾರೆ."

"ಒಂಬತ್ತು," ಎಂದಳು ಹೆಂಡತಿ. ಪಕ್ಕೆಯ ಮೇಲಿನ ಕೈ ತೆಗೆದಿರಲಿಲ್ಲ. ಮುಖ ಮಾತ್ರ ಹುಡುಗಿಯದಾಗಿತ್ತು. "ನಕ್ಕಿದ್ದಕ್ಕೆ ಒಂಬತ್ತಾಯ್ತು. ಆದ್ರೂ ಇನ್ನೊಂದು ಸಲ ನಗಬಹುದು ಅನ್ನಿಸ್ತಿದೆ ರೀ."

ಇದನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ಸಾಹೇಬರಿಗೆ ತಿಳಿಯಲಿಲ್ಲ. ಅವರು ಗೋಡೆಯ ಪಕ್ಕದಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಆಕೆ ನಿಧಾನವಾಗಿ ರಸ್ತೆ ದಾಟಿ ಆಚೆ ಬದಿ ಸೇರಿದ್ದಳು.

"ಬನ್ನಿ ರೀ!" ಎಂದು ಅಲ್ಲಿಂದ ಕೂಗಿದಳು. "ಹನ್ನೊಂದು ಗಂಟೆಗೆ ಒಬ್ಬರು ಕೂದಲು ಕತ್ತರಿಸಿಕೊಳ್ಳೋಕೆ ಬರ್ತಾರೆ. ನಿಮ್ಮಿಂದ ನನಗೆ ತಡ!"